ಕುವಳಾಲದ ಬಿರುದು, ಕೋಲಾರದ ಗಣಿ: ಒಂದು ಊರಿನ ಏಳುಬೀಳು

ಪಶ್ಚಿಮ ಗಂಗರು ತಲಕಾಡಿಗೆ ರಾಜಧಾನಿಯನ್ನು ಬದಲಾಯಿಸಿದ ಮೇಲೂ ‘ಕುವಳಾಲಪುರವರಾಧೀಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಕುವಳಾಲವೆಂದರೆ ಇಂದಿನ ಕೋಲಾರ. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ಗಂಗರಾಜ್ಯ ಸ್ಥಾಪಿತವಾಯಿತೆಂಬ ಐತಿಹ್ಯವನ್ನು ನಿರೂಪಿಸುವ 1121ರ ಕಲ್ಲೂರುಗುಡ್ಡ ಶಾಸನವೂ ನಂದಗಿರಿಯನ್ನು ಅವರ ಕೋಟೆಯೆಂದೂ ಕುವಳಾಲವನ್ನು ಅವರ ಪಟ್ಟಣವೆಂದೂ ನೆನೆಯುತ್ತದೆ. ಅರಸರು ತೊರೆದ ಊರು ಹೀಗೆ ಬಿರುದಿನಲ್ಲಿ ಬದುಕಿತು. ಅದೇ ಕೋಲಾರದ ನೆರೆಯಲ್ಲಿ, ಸಾವಿರ ವರ್ಷಗಳ ತರುವಾಯ ಎದ್ದು ಬಿದ್ದ ಚಿನ್ನದ ಗಣಿಯ ನಗರಕ್ಕೆ ಆ ಭಾಗ್ಯವೂ ಒದಗಿಲ್ಲ.

1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ದಾಖಲಿಸಿದನು. ಗಣಿಗಾರಿಕೆಗೆ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದವನು ನಿವೃತ್ತ ಸೈನಿಕ ಲವೆಲ್, ಅದು 1875ರಲ್ಲಿ. ಅವನಲ್ಲಿ ಬಂಡವಾಳವಿರಲಿಲ್ಲ, ಹಕ್ಕು ಕೈಬದಲಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ, ಪ್ರಾಚೀನರು ತೋಡಿಬಿಟ್ಟಿದ್ದ ಗುಂಡಿಗಳ ಕೆಳಗೇ ನಿಜವಾದ ಸಂಪತ್ತು ದೊರಕಿತು.

ಅಲ್ಲಿಂದ ಮುಂದಿನ ಬೆಳವಣಿಗೆ ಬೆರಗು ಹುಟ್ಟಿಸುವಂಥದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ಉದ್ದದ ತಂತಿಯ ಮೂಲಕ ಗಣಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಬೇತಮಂಗಲದ ಕೆರೆಯಿಂದ ನೀರು, ಬೌರಿಂಗ್‌ಪೇಟೆಯಿಂದ ರೈಲು, ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕಾರ್ಮಿಕರಿಗೆ ಮಾತ್ರ ಸಾಲುಮನೆಗಳ ‘ಲೈನು’. ನೆಲ, ಮನೆ, ನೀರು, ದೀಪ, ಆಸ್ಪತ್ರೆ ಎಲ್ಲವೂ ಗಣಿಯ ಒಡೆಯರದೇ. ಈ ಊರಿನ ಏಳಿಗೆಗೂ ಅಳಿವಿಗೂ ಕಾರಣ ಇದೊಂದೇ ಸಂಗತಿಯಲ್ಲಿ ಅಡಗಿದೆ.

ಆ ಲೈನುಗಳಲ್ಲಿ ನೆಲಸಿದವರು ಬಹುಮಟ್ಟಿಗೆ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ದಲಿತರು. ಹಳ್ಳಿಯ ಜೀತಕ್ಕಿಂತ ಪಾತಾಳದ ಕತ್ತಲೆಯೇ ಲೇಸೆಂದು ಬಂದವರಲ್ಲಿ ಅನೇಕರು ಕಲ್ಲಿನ ಧೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್‌ನಿಂದ ತೀರಿಕೊಂಡರು; ಆಳದ ಒತ್ತಡಕ್ಕೆ ಬಂಡೆ ಸಿಡಿದು ಸತ್ತವರು ಬೇರೆ. ಆದರೆ ಇವರನ್ನು ಬರಿಯ ಕೂಲಿಗಳೆಂದು ಬರೆಯುವುದು ಅನ್ಯಾಯ. ಅಯೋತಿದಾಸ ಪಂಡಿತರ ಬೌದ್ಧ ಚಳವಳಿ 20ನೆಯ ಶತಮಾನದ ಆರಂಭದಲ್ಲೇ ಇಲ್ಲಿ ಬೇರೂರಿತು. ಅವರ ‘ತಮಿಳನ್’ ಪತ್ರಿಕೆಗೆ 1920ರ ದಶಕದಲ್ಲಿ ಮರುಜನ್ಮ ದೊರೆತದ್ದೂ ಈ ಗಣಿಯ ನೆಲದಿಂದಲೇ. ಸಿಂಹನಂದಿಯ ಐತಿಹ್ಯ ಪಡೆದ ಸೀಮೆಯಲ್ಲಿ ಶ್ರಮಣ ಪರಂಪರೆಯ ಇನ್ನೊಂದು ಕವಲು ಕಾರ್ಮಿಕರ ಕೈಯಲ್ಲಿ ಚಿಗುರಿದ್ದನ್ನು ಕನ್ನಡದ ಸಾಹಿತ್ಯಚರಿತ್ರೆಗಳು ಬಹುಪಾಲು ಗಮನಿಸಲಿಲ್ಲ. ಭಾಷೆ ತಮಿಳೆಂಬುದು ಅದಕ್ಕೆ ಸಾಕಷ್ಟು ಕಾರಣವಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಬಂತು. ಅಷ್ಟರಲ್ಲಿ ಫಸಲು ಮುಗಿದಿತ್ತು. ಮೊದಮೊದಲು ಟನ್ ಅದಿರಿಗೆ 40 ಗ್ರಾಂಗೂ ಮಿಕ್ಕಿ ದೊರೆಯುತ್ತಿದ್ದ ಚಿನ್ನ ಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿಯಿತು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳಕ್ಕೆ ಹೋಗಿದ್ದರಿಂದ ಗಾಳಿ ಹಾಯಿಸುವ, ನೀರೆತ್ತುವ ವೆಚ್ಚ ಬೆಳೆಯುತ್ತಲೇ ಹೋಯಿತು. ಆ ಆಳ ವಿಜ್ಞಾನಕ್ಕೆ ಮಾತ್ರ ವರವಾಯಿತು: 1965ರಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಇಲ್ಲಿ ಸಿಕ್ಕಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದುವರೆಗೆ ತೆಗೆದ ಚಿನ್ನ ಸುಮಾರು 800 ಟನ್.

ತುಮಕೂರು ಜಿಲ್ಲೆಯ ಅನುಭವವನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಳು ನಿಂತವು. ಗುಡ್ಡಗಳಿಗೆ ಗಾಯವಾಗಿತ್ತು, ಕೂಲಿಯೂ ಹೋಯಿತು. ಆದರೆ ಚಿಕ್ಕನಾಯಕನಹಳ್ಳಿ, ಗುಬ್ಬಿ ಸೀಮೆಯ ಹಳ್ಳಿಗಳು ಗಣಿಗಿಂತ ಹಳೆಯವು. ಕೆರೆ, ತೆಂಗು, ಅಡಕೆಗಳ ಆಸರೆ ಅವಕ್ಕಿತ್ತು. ಕೆ.ಜಿ.ಎಫ್.ನ ಲೈನುಗಳಿಗೆ ಗಣಿಯ ಹೊರತು ಬೇರೆ ಆಸರೆಯಿರಲಿಲ್ಲ. ಜನ ಊರು ಬಿಡಲಿಲ್ಲ; ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳತೊಡಗಿದರು. 2018ರ ಚಲನಚಿತ್ರ ಊರಿನ ಹೆಸರನ್ನು ದೇಶಕ್ಕೆಲ್ಲ ಹರಡಿತು. ಅದರ ಕಥೆ ಈ ಊರಿನದಲ್ಲ.

ಚಿನ್ನ ತೆಗೆದುಳಿದ ಪುಡಿಮಣ್ಣಿನ ಬೆಟ್ಟಗಳನ್ನು ಜನ ಸೈನೈಡ್ ಗುಡ್ಡಗಳೆನ್ನುತ್ತಾರೆ. ಬೇಸಿಗೆಯ ಗಾಳಿಗೆ ಆ ಧೂಳು ಮನೆಯೊಳಗಿನ ಅನ್ನದ ತಟ್ಟೆಗೂ ಬೀಳುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟವು ಈ ಗುಡ್ಡಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು.