ಪರದೇಶವಾಸದ ಲಾಭನಷ್ಟ: ಹಂಪೆಯ ಚರಿತ್ರೆ ಕಲಿಸುವ ಪಾಠ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂಬುದು ನಮ್ಮ ಹಿರಿಯರ ಹಿತವಚನ. “ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ” ಎಂಬ ಎಚ್ಚರಿಕೆಯೂ ಅವರದೇ. ಒಂದು ಮಾತು ಹೊರಡು ಎನ್ನುತ್ತದೆ. ಇನ್ನೊಂದು ತಡೆದು ನೋಡು ಎನ್ನುತ್ತದೆ. ಇವೆರಡರ ನಡುವೆ ತೊಳಲುತ್ತಿರುವ ಕುಟುಂಬಗಳು ಇಂದು ನಮ್ಮಲ್ಲಿ ಅನೇಕ. ಧರ್ಮಕೇಂದ್ರವೊಂದು ನೂರು ವರ್ಷ ಪೂರೈಸುವುದೆಂದರೆ ಜನರು ಒಂದು ನೆಲದಲ್ಲಿ ಬೇರೂರಿದುದರ ಸಂಭ್ರಮವೇ ಸರಿ. ಆದರೆ ಅದೇ ಸಂಭ್ರಮದ ದಿನ ಹಬ್ಬದ ಪಂಕ್ತಿಯಲ್ಲಿ, ಕೊಲ್ಲಿ ರಾಷ್ಟ್ರಕ್ಕೋ ಕೆನಡಾಕ್ಕೋ ಹೋದ ಮಗನ ಎಲೆ ಕಾಣದೆ ಒಳಗೊಳಗೇ ನೊಂದುಕೊಳ್ಳುವ ತಾಯಂದಿರೂ ಇರುತ್ತಾರೆ. ಮಕ್ಕಳನ್ನು ಪರದೇಶಕ್ಕೆ ಕಳುಹಿಸಬೇಕೆ, ಬೇಡವೆ ಎಂಬ ಅವರ ಪ್ರಶ್ನೆಗೆ ಚರಿತ್ರೆಯು ಏನಾದರೂ ಉತ್ತರ ಕೊಡಬಲ್ಲುದೇ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಇಂದು ನಾವು ದುಬೈ, ಮಸ್ಕತ್ತುಗಳ ಕಡೆ ನೋಡುವಂತೆಯೇ ಒಂದು ಕಾಲದಲ್ಲಿ ಹೊರಲೋಕವು ಹಂಪೆಯ ಕಡೆ ನೋಡುತ್ತಿದ್ದಿತು. ಸಂಪಾದನೆಗಾಗಿ ಕಡಲು ದಾಟಿ ಬಂದು ಇಲ್ಲಿ ನೆಲೆಸಿದವರು ತಮ್ಮ ಅನುಭವಗಳನ್ನು ಬರೆದಿಟ್ಟಿದ್ದಾರೆ. ಕೆಲವರ ಕಥೆಯನ್ನು ಇತರರು ಬರೆದಿದ್ದಾರೆ. ಪರದೇಶವಾಸದ ಲಾಭನಷ್ಟಗಳನ್ನು ತೂಗಲು ಇದಕ್ಕಿಂತ ಹತ್ತಿರದ ತಕ್ಕಡಿ ನಮಗೆ ದೊರೆಯಲಾರದು.

ವಿದೇಶೀಯರ ನಗರ

1520ರ ಸುಮಾರಿಗೆ ಡೊಮಿಂಗೊ ಪಾಯಿಸ್ ಎಂಬ ಪೋರ್ಚುಗೀಸನು ಗೋವೆಯ ಕಡೆಯಿಂದ ವಿಜಯನಗರಕ್ಕೆ ಬಂದನು. ಬೆಟ್ಟವೊಂದನ್ನು ಏರಿ ನೋಡಿದ ಅವನಿಗೆ ಈ ನಗರವು ರೋಮ್ ಪಟ್ಟಣದಷ್ಟು ದೊಡ್ಡದಾಗಿ ಕಂಡಿತು. ವಜ್ರವೇ ಮೊದಲಾದ ರತ್ನಗಳ ವ್ಯಾಪಾರದಿಂದಾಗಿ ಎಲ್ಲ ದೇಶಗಳ ಜನರೂ ಇಲ್ಲಿ ಕಾಣಸಿಗುತ್ತಾರೆಂದು ಅವನು ಬರೆದಿದ್ದಾನೆ. ಕೆಲವು ವರ್ಷಗಳ ಬಳಿಕ, ಅಚ್ಯುತರಾಯನ ಕಾಲದಲ್ಲಿ, ಫೆರ್ನಾವೊ ನೂನಿಜ್ ಎಂಬ ಕುದುರೆ ವ್ಯಾಪಾರಿಯು ಸುಮಾರು ಮೂರು ವರ್ಷ ಇಲ್ಲಿಯೇ ವಾಸವಾಗಿದ್ದು ರಾಜರ ಚರಿತ್ರೆಯನ್ನು ಬರೆದನು. ಪ್ಯಾರಿಸ್ಸಿನಲ್ಲಿ ಉಳಿದಿದ್ದ ಈ ಇಬ್ಬರ ಬರಹಗಳು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ಅವುಗಳನ್ನು ಇಂಗ್ಲಿಷಿಗೆ ತಂದನು. ನಮ್ಮ ಊರಿನ ಗತವೈಭವವನ್ನು ನಾವು ಈ ಪರಸ್ಥಳದವರ ಕಣ್ಣಿನಿಂದಲೇ ಬಹುಮಟ್ಟಿಗೆ ಕಾಣುತ್ತಿದ್ದೇವೆಂಬುದು ಗಮನಾರ್ಹ. ಮನೆಯವರಿಗೆ ನಿತ್ಯದ ಮಾತಾದುದು ಹೊರಗಿನವನಿಗೆ ಬೆರಗಾಗಿ ಕಾಣುತ್ತದೆ. ಕಣ್ಣು ಹೀಗೆ ತೆರೆಯುವುದು ಪರದೇಶವಾಸದ ಮೊದಲನೆಯ ಲಾಭವೆನ್ನಬಹುದು.

ಲಾಭದ ತಟ್ಟೆ

ಹಣದ ಲಾಭವೇನೂ ಸಣ್ಣದಾಗಿರಲಿಲ್ಲ. ಹಿಂದೆ ಸಾಳುವ ನರಸಿಂಹನು ಕುದುರೆಗಳಿಗಾಗಿ ಎಷ್ಟು ಹಾತೊರೆಯುತ್ತಿದ್ದನೆಂದರೆ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ನೂನಿಜ್ ತಿಳಿಸುತ್ತಾನೆ. 1443ರಲ್ಲಿ ಪರ್ಷಿಯಾದ ದೊರೆ ಶಾಹರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನಿಗೆ ಇಮ್ಮಡಿ ದೇವರಾಯನ ಅರಮನೆಯಿಂದ ದಿನವೊಂದಕ್ಕೆ ಎರಡು ಕುರಿ, ಎಂಟು ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಗಳೊಡನೆ ಎರಡು ವರಹಗಳೂ ಬರುತ್ತಿದ್ದವು.

ಹಣಕ್ಕಿಂತಲೂ ಮಿಗಿಲಾದುದು ಮನ್ನಣೆ. ಕೃಷ್ಣದೇವರಾಯನು ತಾನು ಹೊಸದಾಗಿ ಕಟ್ಟಿಸುತ್ತಿದ್ದ ಊರಿನಲ್ಲಿ, ಅಂದರೆ ಇಂದಿನ ನಮ್ಮ ಹೊಸಪೇಟೆಯಲ್ಲಿ, ಪಾಯಿಸನನ್ನೂ ಅವನ ಮುಖ್ಯಸ್ಥನಾದ ಕ್ರಿಸ್ಟೊವಾವೊ ಡಿ ಫಿಗೇರೆದೊನನ್ನೂ ಬರಮಾಡಿಕೊಂಡನು. ಫಿಗೇರೆದೊನಿಗೆ ಜರತಾರಿ ಅಂಗಿಯನ್ನೂ ಟೊಪ್ಪಿಗೆಯನ್ನೂ ಉಡುಗೊರೆಯಾಗಿ ಕೊಟ್ಟನು. ಕುದುರೆ ಮಾರಲು ಬಂದಿದ್ದ ಇದೇ ಫಿಗೇರೆದೊ 1520ರ ರಾಯಚೂರಿನ ಮುತ್ತಿಗೆಯಲ್ಲಿ ಇಪ್ಪತ್ತು ಮಂದಿ ಬಂದೂಕುಗಾರರೊಡನೆ ರಾಯನಿಗೆ ನೆರವಾಗಿದ್ದನು.

ಇನ್ನು ವಿದ್ಯೆಯನ್ನು ನಂಬಿ ಬಂದವನ ಮಾತು. ಗೋವೆಯ ಗವರ್ನರನು ಕಳುಹಿಸಿದ ಜೊವಾವೊ ಡೆ ಲಾ ಪೊಂಟಿ ಎಂಬ ಕಲ್ಲುಕೆಲಸದ ನಿಪುಣನು ಹೊಸ ಊರಿನ ದೊಡ್ಡ ಕೆರೆಯ ಕಾರ್ಯದಲ್ಲಿ ತೊಡಗಿದನು. ಅವನು ಸುಣ್ಣ ಸುಡಿಸಬೇಕೆಂದಾಗ ರಾಯನು ನಕ್ಕುಬಿಟ್ಟನಂತೆ. ಈ ನಾಡಿನವರಿಗೆ ಸುಣ್ಣದ ಬಳಕೆಯೇ ತಿಳಿಯದೆಂದು ನೂನಿಜ್ ಅದಕ್ಕೆ ಕಾರಣವನ್ನೂ ಹೇಳುತ್ತಾನೆ. ಹಂಪೆಯ ಗೋಪುರಗಳ ಗಾರೆಯನ್ನು ಕಂಡ ನಾವು ಈ ಮಾತನ್ನು ಒಪ್ಪಲಾರೆವು. ಮೂರು ವರ್ಷ ಇದ್ದವನೂ ಇದ್ದ ನಾಡನ್ನು ಪೂರ್ಣವಾಗಿ ಅರಿಯಲಾರನೆಂಬುದಕ್ಕೆ ಇದು ನಿದರ್ಶನ. ಅದೇನೇ ಇರಲಿ, ಹದಿನೈದು ಇಪ್ಪತ್ತು ಸಾವಿರ ಆಳುಗಳು ದುಡಿಯುತ್ತಿದ್ದುದನ್ನು ಪಾಯಿಸ್ ಕಣ್ಣಾರೆ ಕಂಡನು. ಕಟ್ಟೆ ಎರಡು ಮೂರು ಬಾರಿ ಒಡೆದುದನ್ನೂ, ಅದು ನಿಲ್ಲಲೆಂದು ನಡೆದ ನರಬಲಿಯನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ. ಕೊನೆಗೆ ಕೆರೆ ನಿಂತಿತು, ಕಾಲುವೆಗಳು ಹರಿದವು, ಒಂಬತ್ತು ವರ್ಷ ಕಂದಾಯವಿಲ್ಲದೆ ರೈತರಿಗೆ ಭೂಮಿ ದೊರೆಯಿತು. ಪರದೇಶಿಯ ವಿದ್ಯೆಯು ತಾನು ಹೋದ ನಾಡಿಗೆ ಅನ್ನವಾಗಬಲ್ಲುದೆಂಬುದು ಈ ತಟ್ಟೆಯ ಅತ್ಯಂತ ಭಾರವಾದ ಕಲ್ಲು.

ನಷ್ಟದ ತಟ್ಟೆ

ಈಗ ಇನ್ನೊಂದು ತಟ್ಟೆಯನ್ನು ನೋಡೋಣ. ಅಬ್ದುಲ್ ರಜಾಕನು ಹಂಪೆಯನ್ನು ಮುಟ್ಟುವ ಮೊದಲೇ, ದಾರಿಯಲ್ಲಿ ಅರಬ್ ಕರಾವಳಿಯಲ್ಲಿ, ಜೊತೆಯಲ್ಲಿದ್ದ ಅಣ್ಣನನ್ನು ರೋಗಕ್ಕೆ ಬಲಿಗೊಟ್ಟು ಮಣ್ಣುಮಾಡಿ ಬಂದಿದ್ದನು. ಇಲ್ಲಿ ದೊರೆತ ಮನ್ನಣೆಯೂ ಸ್ಥಿರವಾಗಿ ನಿಲ್ಲಲಿಲ್ಲ. ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಹೊರ್ಮುಜಿನಿಂದ ಬಂದವರು ಗಾಳಿಮಾತು ಹಬ್ಬಿಸಿದರು. ಅವನನ್ನು ಬಲ್ಲ ದಂಡನಾಯಕನು ಆಗ ಊರಿನಲ್ಲಿರಲಿಲ್ಲ. ಎರಡು ಕುರಿ, ಎರಡು ವರಹಗಳ ದಿನಗ್ರಾಸವು ನಿಂತುಹೋಯಿತು. ತನ್ನ ಊರಿನಲ್ಲಾದರೆ ಮನುಷ್ಯನ ಹೆಸರಿಗೆ ನೂರು ಸಾಕ್ಷಿಗಳು. ಪರದೇಶದಲ್ಲಿ ಒಬ್ಬ ಅಧಿಕಾರಿಯ ಒಲವೇ ಸಾಕ್ಷಿ. ಆ ಒಲವು ತಪ್ಪಿದರೆ ನಿಂತ ನೆಲವೇ ತಪ್ಪಿತು.

1510ರಲ್ಲಿ ಆಲ್ಬುಕರ್ಕನ ಪ್ರತಿನಿಧಿಯಾಗಿ ಕೃಷ್ಣದೇವರಾಯನ ಬಳಿಗೆ ಕಳುಹಿಸಲ್ಪಟ್ಟ ಫ್ರಾನ್ಸಿಸ್ಕನ್ ಸಭೆಯ ಫ್ರಾ ಲೂಯಿಸರು ಸ್ವದೇಶಕ್ಕೆ ಮರಳಲೇ ಇಲ್ಲ. ವಿಜಯನಗರದಲ್ಲಿಯೇ ಕೊಲೆಗೀಡಾದರೆಂದು ಪೋರ್ಚುಗೀಸ್ ಬರಹಗಳಿಂದ ತಿಳಿದುಬರುತ್ತದೆ. ರಾಯಚೂರಿನ ಯುದ್ಧದಲ್ಲಿ ಫಿಗೇರೆದೊನ ಬಂದೂಕುಗಾರರು ಒಂದು ಕಡೆಯಾದರೆ, ತಾಯ್ನಾಡನ್ನು ತೊರೆದು ಆದಿಲಶಾಹನ ಸರದಾರನ ಕೈಕೆಳಗೆ ಸೇರಿದ್ದ ಪೋರ್ಚುಗೀಸರು ಇನ್ನೊಂದು ಕಡೆ ಇದ್ದರು. ಅನ್ನವಿಕ್ಕಿದವನ ಜಗಳಕ್ಕಾಗಿ ಒಂದೇ ನಾಡಿನವರು ಪರನಾಡಿನಲ್ಲಿ ಎದುರುಬದುರಾಗಿ ನಿಲ್ಲಬೇಕಾಯಿತು.

1565ರ ಯುದ್ಧದಲ್ಲಿ ವಿಜಯನಗರವು ಸೋತ ಬಳಿಕ, 1567ರಲ್ಲಿ ಚೆಸಾರೆ ಫೆಡೆರಿಚಿ ಎಂಬ ವೆನಿಸ್ಸಿನ ವರ್ತಕನು ಇಲ್ಲಿಗೆ ಬಂದನು. ಮನೆಗಳಿನ್ನೂ ನಿಂತಿದ್ದವು, ಒಳಗೆ ಜನರಿರಲಿಲ್ಲ. ಒಂದು ತಿಂಗಳಿನಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ, ದಾರಿಗಳ್ಳರ ಭಯದಿಂದಾಗಿ, ಏಳು ತಿಂಗಳು ಇಲ್ಲಿಯೇ ಉಳಿಯಬೇಕಾಯಿತು. ಆ ಕಾಲದ ಕುದುರೆ ವ್ಯಾಪಾರಿಗಳ ಗತಿಯನ್ನೂ ಅವನು ಹೇಳಿದ್ದಾನೆ. ಕುದುರೆಗಳನ್ನು ತಂದರೆ ಹಳೆಯ ಬಾಕಿಯನ್ನೂ ಸೇರಿಸಿ ಕೊಡುವೆನೆಂದು ತಿರುಮಲರಾಯನು ಹೇಳಿಕಳುಹಿಸಿದನಂತೆ. ನಂಬಿ ತಂದವರಿಂದ ಕುದುರೆಗಳನ್ನು ಪಡೆದು ಬರಿಗೈಯಲ್ಲಿ ಕಳುಹಿಸಿದನಂತೆ. ಸತ್ತ ಕುದುರೆಯ ಬಾಲಕ್ಕೂ ಹಣ ಎಣಿಸಿದ ಅದೇ ನಾಡಿನಲ್ಲಿ ಬದುಕಿದ ಕುದುರೆಗೂ ಬೆಲೆ ಸಿಕ್ಕದಾಯಿತು. ಪರದೇಶದ ಐಶ್ವರ್ಯವನ್ನು ನಂಬಿ ಹೋಗುವವರು ಆ ಐಶ್ವರ್ಯಕ್ಕೂ ಒಂದು ಆಯುಷ್ಯವುಂಟೆಂಬುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ದಾರುಣವಾದುದು ವೆನಿಸ್ಸಿನವನೇ ಆದ ನಿಕೊಲೊ ಕಾಂಟಿಯ ಕಥೆ. 1420ರ ಸುಮಾರಿಗೆ ವಿಜಯನಗರವನ್ನು ಕಂಡ ಇವನು ಕಾಲು ಶತಮಾನದಷ್ಟು ಕಾಲ ಪೂರ್ವದೇಶಗಳಲ್ಲಿ ಅಲೆದು ಹೆಂಡತಿ ಮಕ್ಕಳೊಡನೆ ಊರಿನ ದಾರಿ ಹಿಡಿದನು. ದಾರಿಯಲ್ಲಿ ಅವರ ಪ್ರಾಣ ಉಳಿಸುವ ಸಲುವಾಗಿ ತನ್ನ ಧರ್ಮವನ್ನೇ ತ್ಯಜಿಸಬೇಕಾಗಿ ಬಂದಿತು. ಆದರೂ ಅವರು ಉಳಿಯಲಿಲ್ಲ. ಹೆಂಡತಿಯೂ ಇಬ್ಬರು ಮಕ್ಕಳೂ ಈಜಿಪ್ಟಿನಲ್ಲಿ ಪ್ಲೇಗಿಗೆ ತುತ್ತಾದರು. ಕ್ಷಮೆ ಬೇಡಿಬಂದ ಅವನಿಗೆ ಜಗದ್ಗುರು ನಾಲ್ಕನೆಯ ಯುಜೀನರು ಪಾಪವಿಮೋಚನೆಯನ್ನಿತ್ತರು. ತನ್ನ ಪ್ರವಾಸವನ್ನೆಲ್ಲ ಕಾರ್ಯದರ್ಶಿ ಪೊಜ್ಜಿಯೊವಿನ ಮುಂದೆ ನಿಜವಾಗಿ ಹೇಳುವುದೇ ಅದಕ್ಕೆ ಪ್ರಾಯಶ್ಚಿತ್ತವಾಯಿತೆಂದು ಹೇಳುತ್ತಾರೆ. ವಿಜಯನಗರವನ್ನು ಕಂಡ ಯುರೋಪಿನವರ ಬರಹಗಳಲ್ಲಿ ಮೊದಲನೆಯದು ಹೀಗೆ ಒಬ್ಬ ನೊಂದ ತಂದೆಯ ಬಾಯಿಂದ ಬಂದುದು.

ಕಂಪ್ಲಿಯಿಂದ ದಿಲ್ಲಿಗೆ

ಇದುವರೆಗೆ ಇಲ್ಲಿಗೆ ಬಂದವರ ಮಾತಾಯಿತು. ಇಲ್ಲಿಂದ ದೂರಕ್ಕೆ ಹೋದವರ ಒಂದು ಹಳೆಯ ಪ್ರಸಂಗವೂ ಉಂಟು. ತನ್ನನ್ನು ಮರೆಹೊಕ್ಕ ಬಹಾಉದ್ದೀನ್ ಗುರ್ಶಾಸ್ಪನನ್ನು ಬಿಟ್ಟುಕೊಡಲೊಪ್ಪದೆ ಕಂಪಿಲರಾಯನು 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯದೊಡನೆ ಹೋರಾಡಿ ಮಡಿದನು. ಅವನ ಹೆಸರು ಇಂದಿಗೂ ನಮ್ಮ ಕಂಪ್ಲಿಯಲ್ಲಿ ಉಳಿದಿದೆ. ಸೆರೆಸಿಕ್ಕ ಅವನ ಹನ್ನೊಂದು ಮಂದಿ ಗಂಡುಮಕ್ಕಳನ್ನು ದಿಲ್ಲಿಗೆ ಒಯ್ದು, ಮತಾಂತರಿಸಿ, ಸುಲ್ತಾನನು ಅಮೀರರನ್ನಾಗಿ ಮಾಡಿದನು. ಅವರು ಸ್ವಇಚ್ಛೆಯಿಂದ ಹೋದವರಲ್ಲ. ಪದವಿ ದೊರೆಯಿತು, ಊರು, ಹೆಸರು, ಮನೆದೇವರು ಎಲ್ಲವೂ ಹೋದವು.

ಅವರಲ್ಲಿ ಒಬ್ಬನೊಡನೆ ಸ್ನೇಹ ಬೆಳೆಸಿ ಈ ವೃತ್ತಾಂತವನ್ನು ಬರೆದವನು ಇಬ್ನ್ ಬತೂತ. ಅವನೂ ಪರದೇಶಿಯೇ. ಮೊರಾಕ್ಕೊ ದೇಶದ ತಾಂಜೀರನ್ನು 1325ರಲ್ಲಿ ಬಿಟ್ಟು ಬಂದು, ದಿಲ್ಲಿಯಲ್ಲಿ ವರ್ಷಕ್ಕೆ 12,000 ದಿನಾರುಗಳ ಸಂಬಳದ ಖಾಜಿಯಾದನು. ಅಷ್ಟು ಸಂಬಳವಿದ್ದೂ 55,000 ದಿನಾರುಗಳ ಸಾಲಗಾರನಾಗಿ ಸುಲ್ತಾನನ ದಯೆಗೆ ಕೈಯೊಡ್ಡಿದನು. ಅದೇ ಸುಲ್ತಾನನ ಸಂಶಯಕ್ಕೆ ಗುರಿಯಾಗಿ ಪ್ರಾಣಭಯದಲ್ಲಿ ಕಾವಲಿನಲ್ಲಿಯೂ ಇದ್ದನು. 1348ರಲ್ಲಿ ಹಿಂತಿರುಗುವಾಗ ದಮಾಸ್ಕಸ್ಸಿನಲ್ಲಿ ಅವನಿಗೆ ಎರಡು ಸುದ್ದಿಗಳು ತಿಳಿದುವು. ತಾನು ಎಂದೂ ಕಾಣದ ಮಗನು ಹನ್ನೆರಡು ವರ್ಷಗಳ ಹಿಂದೆಯೇ ತೀರಿಕೊಂಡಿದ್ದನು; ತಂದೆಯು ಹದಿನೈದು ವರ್ಷಗಳ ಹಿಂದೆಯೇ ಗತಿಸಿದ್ದನು. ಮನೆ ಮುಟ್ಟುವ ವೇಳೆಗೆ ತಾಯಿಯೂ ಇರಲಿಲ್ಲ. ಲೋಕವನ್ನೆಲ್ಲ ಕಂಡು ಬಂದವನು ತಾನು ಕಂಡುದನ್ನು ಹೆತ್ತವರಿಗೆ ಹೇಳಲಾರದೆ ಹೋದನು.

ಇಂದಿನ ಮಾತು

ಈ ಹಳೆಯ ಕಥೆಗಳಿಗೂ ನಮಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 1973ರಲ್ಲಿ ತೈಲದ ಬೆಲೆ ಏರಿದ ಬಳಿಕ ಕೊಲ್ಲಿ ರಾಷ್ಟ್ರಗಳು ಕೆಲಸಗಾರರನ್ನು ಕರೆದವು. ಮಂಗಳೂರು, ಉಡುಪಿ, ಭಟ್ಕಳಗಳ ಮನೆಮನೆಯಿಂದ ಜನರು ಹೋದರು. ಅವರು ಕಳುಹಿಸಿದ ಹಣದಿಂದ ಹೆಂಚಿನ ಮನೆಗಳು ತಾರಸಿಯಾದವು, ತಂಗಿಯರ ಮದುವೆಗಳಾದವು, ತಮ್ಮಂದಿರು ಎಂಜಿನಿಯರರಾದರು. ಕರಾವಳಿಯ ಎಷ್ಟೋ ಚರ್ಚುಗಳ ಕಟ್ಟಡಗಳಲ್ಲಿಯೂ ಆ ಬೆವರಿನ ಪಾಲುಂಟು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಒಬ್ಬನ ಒಲವಿನ ಮೇಲೆ ಬದುಕು ನಿಲ್ಲುವ ಹಳೆಯ ತೊಡಕು ತಪ್ಪಲಿಲ್ಲ. ಕಫಾಲಾ ಎಂಬ ಪದ್ಧತಿಯಲ್ಲಿ ಕೆಲಸಗಾರನ ವಾಸದ ಹಕ್ಕು ಕರೆಸಿಕೊಂಡ ಧಣಿಯ ಕೈಯಲ್ಲಿರುತ್ತಿದ್ದಿತು. 2020ರಲ್ಲಿ ಕತಾರ್, 2021ರಲ್ಲಿ ಸೌದಿ ಅರೇಬಿಯ ಈ ಕಟ್ಟನ್ನು ಸಡಿಲಿಸಿದವು. ಸೌದಿಯ ಆ ಸುಧಾರಣೆಯು ಮನೆಗೆಲಸದವರಿಗೆ ಅನ್ವಯವಾಗಲಿಲ್ಲ. ಐಶ್ವರ್ಯದ ಆಯುಷ್ಯವೂ ಹಿಂದಿನಂತೆಯೇ ಅನಿಶ್ಚಿತ. 1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಬೇಕಾಯಿತು. ವರ್ಷಗಳ ಗಳಿಕೆಯನ್ನು ಅಲ್ಲಿಯೇ ಬಿಟ್ಟು ಕೈಚೀಲದೊಡನೆ ಇಳಿದವರು ಅವರಲ್ಲಿ ಎಷ್ಟೋ ಮಂದಿ. 2020ರ ಕೊರೋನಾ ಕಾಲದಲ್ಲಿ ಇದೇ ದೃಶ್ಯ ಮರುಕಳಿಸಿತು. ಹಡಗಿನ ಕಾಲ ಹೋಗಿ ಮುಖ ನೋಡಿ ಮಾತನಾಡುವ ಕಾಲ ಬಂದಿದೆ, ನಿಜ. ಆದರೆ ಹೆತ್ತವರ ಹಾಸಿಗೆಯ ಬಳಿ ಕುಳಿತು ನೀರು ಕೊಡುವ ಕೈಗೆ ಯಾವ ಯಂತ್ರವೂ ಸಾಟಿಯಾಗದು.

ಹಾಗಾದರೆ ತೀರ್ಪೇನು? ಹೋಗಲೇಬಾರದೆಂದು ಹೇಳಲು ಹೊಸಪೇಟೆಯವರಿಗೆ ಅಧಿಕಾರವಿಲ್ಲ. ಹೊರಗಿನಿಂದ ಬಂದವರಿಂದ ಬೆಳೆದ ಊರಿದು. ತುಂಗಭದ್ರೆಯ ಅಣೆಕಟ್ಟಿನ ಕೆಲಸಕ್ಕೆಂದು ಬಂದು ಇಲ್ಲಿಯೇ ನಿಂತ ಮನೆತನಗಳನ್ನು ನಾವೆಲ್ಲ ಬಲ್ಲೆವು. ಆದರೆ ಚರಿತ್ರೆಯ ತಕ್ಕಡಿ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ಪರದೇಶವಾಸದ ಲಾಭವನ್ನು ಹೋದವನು ಎಣಿಸಿಕೊಳ್ಳುತ್ತಾನೆ; ನಷ್ಟದ ದೊಡ್ಡ ಪಾಲನ್ನು ಉಳಿದವರು ಹೊರುತ್ತಾರೆ. ಆದುದರಿಂದ ಹೋಗುವ ನಿರ್ಧಾರವು ಒಬ್ಬನದಾಗಿರದೆ ಇಡೀ ಮನೆಯದಾಗಿರಬೇಕು. ಹೋಗುವವನ ಕೈಯಲ್ಲಿ ಒಂದು ವಿದ್ಯೆ ಇರಬೇಕು, ಏಕೆಂದರೆ ಧಣಿಯ ಒಲವು ತಪ್ಪಿದರೂ ವಿದ್ಯೆ ತಪ್ಪದು. ಕರಾರು ಬರಹದಲ್ಲಿರಬೇಕು, ಬಾಯಿಮಾತನ್ನು ನಂಬಿದ ಕುದುರೆ ವ್ಯಾಪಾರಿಗಳ ಪಾಡನ್ನು ನೋಡಿದ್ದೇವೆ. 1983ರ ವಲಸೆ ಕಾಯಿದೆಯು ನೇಮಕಾತಿ ಏಜೆಂಟರಿಗೆ ಸರಕಾರದ ಪರವಾನಗಿಯನ್ನು ಕಡ್ಡಾಯಮಾಡಿತು. ಪರವಾನಗಿ ತೋರದವನಿಗೆ ಪಾಸ್‌ಪೋರ್ಟು ಕೊಡಬಾರದು. ಸಾಲ ಮಾಡಿ ಹೋಗುವವನು ಆ ಸಾಲ ತೀರುವ ದಿನವನ್ನೂ, ತಾನು ಮರಳುವ ದಿನವನ್ನೂ ಹೊರಡುವ ಮೊದಲೇ ಮನೆಯವರೊಡನೆ ಕುಳಿತು ಗೊತ್ತುಮಾಡಿಕೊಳ್ಳಬೇಕು. ಇಬ್ನ್ ಬತೂತನಿಗೆ ಇಲ್ಲದೆ ಹೋದುದು ಈ ಕೊನೆಯದೇ.

ಹೊಸಪೇಟೆಯ ನೈಋತ್ಯಕ್ಕೆ, ಸಂಡೂರು ಬೆಟ್ಟಗಳ ಕಣಿವೆ ಬಾಯ್ತೆರೆಯುವಲ್ಲಿ, ಒಂದು ಭಾರೀ ಕೆರೆಯ ಏರಿ ಇದೆ. ಪೋರ್ಚುಗೀಸನು ದುಡಿದ ಕೆರೆ ಇದೇ ಎಂದು ಸಿವೆಲ್ ಗುರುತಿಸಿದನು. ಅವನ ಕಾಲಕ್ಕಾಗಲೇ ಕೆರೆ ಬತ್ತಿದ್ದಿತು. ಏರಿಯ ಮೇಲೆ ಹೆದ್ದಾರಿ ಸಾಗಿದ್ದಿತು. ಜೊವಾವೊ ಡೆ ಲಾ ಪೊಂಟಿ ತನ್ನ ಊರಿಗೆ ಮರಳಿದನೋ ಇಲ್ಲವೋ ನೂನಿಜ್ ಬರೆದಿಲ್ಲ. ಅವನ ದಾರಿಯನ್ನು ನೋಡುತ್ತ ಎಲ್ಲಿಯೋ ಒಂದು ಮನೆ ಕಾದಿದ್ದಿರಬೇಕು. ಇಂದು ನಮ್ಮ ಮಕ್ಕಳು ಹೊರನಾಡುಗಳಲ್ಲಿ ಕಟ್ಟುವ ಸೇತುವೆ ಆಸ್ಪತ್ರೆಗಳೂ ಹೀಗೆಯೇ ಯಾರಿಗೋ ನೆರಳಾಗಿ ನಿಲ್ಲಲಿ. ಆದರೆ ಇಲ್ಲಿ ಕಾದಿರುವ ಮನೆಯನ್ನು ಅವರು ಮರೆಯದಿರಲಿ. ಅವರು ಮರಳಿ ಬಂದ ದಿನ ಬಾಗಿಲು ತೆರೆದು, ಪಂಕ್ತಿಯಲ್ಲಿ ಅವರ ಎಲೆ ಹಾಕಲು ಈ ಊರೂ ಮರೆಯದಿರಲಿ.