ಸೊದೋಮ್ ಎಂದು ಹೆಸರು ಪಡೆದ ಕೇರಿ

ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿ ಅಕ್ರಾ. ಅಲ್ಲಿ ಓಡಾ ನದಿಯು ಕೋರ್ಲೆ ಹಿನ್ನೀರನ್ನು ಸೇರುವೆಡೆ ಓಲ್ಡ್ ಫದಾಮಾ ಎಂಬ ಬಡವರ ಕೇರಿಯಿದೆ. ನಗರದ ಜನ ಅದನ್ನು 'ಸೊದೋಮ್ ಮತ್ತು ಗೊಮೋರ' ಎಂದು ಕರೆದರು. ಪವಿತ್ರ ಗ್ರಂಥದ ಶಾಪಗ್ರಸ್ತ ನಗರಗಳ ಹೆಸರು ಹೀಗೆ ಬಡವರ ಮನೆಗಳಿಗೆ ಅಂಟಿಕೊಂಡಿತು.

ಈ ಕೇರಿಗೆ ಬಂದವರಾರು? ಮಳೆ ಕಡಿಮೆಯಾದ ಉತ್ತರ ಘಾನಾದಿಂದ ಕೂಲಿಯನ್ನರಸಿ ಬಂದವರು. 1994ರಲ್ಲಿ ಕೊಂಕೊಂಬಾ ಮತ್ತು ನನುಂಬಾ ಜನಾಂಗಗಳ ನಡುವೆ ನಡೆದ ಕಾಳಗಕ್ಕೆ ಬೆದರಿ ಓಡಿಬಂದವರು. ಹೆಂಗಸರು ತಲೆಹೊರೆ ಹೊತ್ತರು. ಯುವಕರು ಪಕ್ಕದ ಅಗ್ಬೊಗ್ಬ್ಲೊಶಿಯಲ್ಲಿ ಗುಜರಿ ಕೆಲಸ ಹಿಡಿದರು. 2002ರಲ್ಲಿ ನಗರಾಡಳಿತವು ತೆರವಿಗೆ ನೋಟಿಸು ನೀಡಿದಾಗ ನಿವಾಸಿಗಳು ನ್ಯಾಯಾಲಯದ ಮೊರೆ ಹೊಕ್ಕರು. ತೀರ್ಪು ಅವರ ಪರವಾಗಲಿಲ್ಲ.

ಅಪಾಯಕಾರಿ ತ್ಯಾಜ್ಯದ ಸಾಗಣೆಗೆ ಕಡಿವಾಣ ಹಾಕುವ ಬಾಸೆಲ್ ಒಪ್ಪಂದವು 1989ರಲ್ಲಿಯೇ ರೂಪುಗೊಂಡಿತ್ತು. ಆದರೆ 'ಬಳಸಿದ ವಸ್ತು' ಎಂಬ ಹೆಸರಿನಲ್ಲಿ ಹಡಗೇರಿದ ಕಂಪ್ಯೂಟರು, ಟಿ.ವಿ.ಗಳಿಗೆ ದಾರಿ ತೆರೆದೇ ಇತ್ತು. 2009ರಲ್ಲಿ ಘಾನಾಕ್ಕೆ ಬಂದ ಸುಮಾರು 2,15,000 ಟನ್ ವಿದ್ಯುತ್ ಉಪಕರಣಗಳಲ್ಲಿ ಶೇ. 70ರಷ್ಟು ಹಳೆಯವು. ಅವುಗಳಲ್ಲಿ ಬಹುಪಾಲು ಬಳಕೆಗೆ ಯೋಗ್ಯವಾಗಿದ್ದವು ಅಥವಾ ದುರಸ್ತಿಗಾರರ ಕೈಯಲ್ಲಿ ಮರುಜೀವ ಪಡೆದವೆಂಬುದನ್ನೂ ಹೇಳಬೇಕು. ಉಳಿದದ್ದೂ, ನಗರದ ಮನೆಗಳಲ್ಲಿಯೇ ಕೆಟ್ಟದ್ದೂ ತಳ್ಳುಗಾಡಿಗಳಲ್ಲಿ ಗುಜರಿಗೆ ಬಂದವು.

ಅಲ್ಲಿಯೂ ಮೇಲು ಕೀಳುಗಳಿದ್ದವು. ಕೊಳ್ಳುವವನು, ಬಿಚ್ಚುವವನು, ತೂಗುವವನು. ಎಲ್ಲರಿಗಿಂತ ಕೆಳಗೆ ತಂತಿ ಸುಡುವ ಹುಡುಗ. ಹಳೆಯ ಫ್ರಿಜ್ಜಿನ ಫೋಮನ್ನೂ ಟೈರನ್ನೂ ಉರುವಲಾಗಿಸಿ ಆತ ತಂತಿಯ ಹೊದಿಕೆಯನ್ನು ಸುಟ್ಟು ತಾಮ್ರ ತೆಗೆಯುತ್ತಿದ್ದ. ಬಿಸಿ ತಾಮ್ರವನ್ನು ಆರಿಸಲು ಬೇಕಾದ ನೀರಿನ ಪೊಟ್ಟಣವನ್ನು ಹುಡುಗಿಯರು ಮಾರುತ್ತಿದ್ದರು. ಆ ಹೊಗೆಯ ವಿಷ ಎಷ್ಟೆಂದರೆ, ಅಲ್ಲಿ ಮೇಯುವ ಕೋಳಿಯ ಒಂದು ಮೊಟ್ಟೆ ತಿಂದರೆ ಯುರೋಪಿನಲ್ಲಿ ಒಂದು ದಿನಕ್ಕೆ ಸಹ್ಯವೆಂದು ನಿಗದಿಪಡಿಸಿದ ಪ್ರಮಾಣದ 220 ಪಟ್ಟು ಡಯಾಕ್ಸಿನ್ ದೇಹ ಸೇರುವುದೆಂದು 2019ರ ಅಧ್ಯಯನವೊಂದು ತಿಳಿಸಿತು. ತಾಮ್ರ ಮಾತ್ರ ವ್ಯಾಪಾರಿಗಳ ಕೈದಾಟಿ ಜಗತ್ತಿನ ಮಾರುಕಟ್ಟೆ ಸೇರಿತು.

2016ರಲ್ಲಿ ಘಾನಾ ಇ-ತ್ಯಾಜ್ಯ ಕಾಯಿದೆ ಮಾಡಿತು. 2021ರ ಜುಲೈನಲ್ಲಿ ಗುಜರಿ ಅಂಗಳವನ್ನು ನೆಲಸಮಗೊಳಿಸಲಾಯಿತು. ಅಂಗಳ ಹೋಯಿತು, ಹಸಿವು ಹೋಗಲಿಲ್ಲ. ಕೆಲಸವು ಸುತ್ತಣ ಕೇರಿಗಳಿಗೆ, ಮನೆಗಳ ಮಗ್ಗುಲಿಗೇ ಚದುರಿತು.

ಸೊದೋಮಿನ ಪಾಪವೇನೆಂಬುದಕ್ಕೆ ಪ್ರವಾದಿ ಯೆಜೆಕಿಯೇಲ ಕೊಡುವ ಉತ್ತರ ಗಮನಾರ್ಹ. ಉಂಡು ತಣಿದ ಗರ್ವದಲ್ಲಿ ಬಡವರ ಕೈಹಿಡಿಯದೆ ಹೋದದ್ದನ್ನು ಅವನು ಎತ್ತಿ ತೋರುತ್ತಾನೆ. ಆ ಅರ್ಥದಲ್ಲಿ ಈ ಹೆಸರು ತಂತಿ ಸುಟ್ಟು ಅನ್ನ ಗಳಿಸಿದವರಿಗೆ ಸಲ್ಲದು. ಅದು ಯಾರಿಗೆ ಸಲ್ಲುತ್ತದೆಂಬುದನ್ನು ವರ್ಷಕ್ಕೊಂದು ಮೊಬೈಲು ಬದಲಿಸುವ ನಾವು ಯೋಚಿಸಬೇಕಾಗಿದೆ.