ಮರಿಯ ಬಾಯಿಗೆ ತಕ್ಕ ತುತ್ತು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರ ಮನೆಗಳಲ್ಲಿ ಆಗಾಗ ಒಂದು ವಿಚಿತ್ರವಾದ ಸಾವು ಸಂಭವಿಸುತ್ತದೆ. ಜೋಡಿ ಮೀನುಗಳು ಚಪ್ಪಟೆಯಾದ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಹಗಲಿರುಳೂ ಕಾವಲು ನಿಲ್ಲುತ್ತವೆ. ಮೊಟ್ಟೆಗಳು ಒಡೆದು, ಸುಮಾರು ಒಂದು ವಾರದಲ್ಲಿ ನೂರಾರು ಮರಿಗಳು ಸಣ್ಣದೊಂದು ಮೋಡದಂತೆ ತಾಯಿಯ ಸುತ್ತ ಈಜತೊಡಗುತ್ತವೆ. ಮನೆಮಂದಿಗೆಲ್ಲ ಸಂಭ್ರಮ. ಅಂಗಡಿಯಿಂದ ತಂದ ಒಳ್ಳೆಯ ಆಹಾರವನ್ನು ಬೆರಳಿನಲ್ಲಿ ಪುಡಿಮಾಡಿ ಉದುರಿಸುತ್ತಾರೆ. ಮೂರು ನಾಲ್ಕು ದಿನಗಳಲ್ಲಿ ಆ ಮೋಡ ತೆಳುವಾಗುತ್ತದೆ, ಮುಂದಿನ ವಾರದಲ್ಲಿ ಇಲ್ಲವೇ ಆಗುತ್ತದೆ. ರೋಗವಿಲ್ಲ, ಗಾಯವಿಲ್ಲ. ತೊಟ್ಟಿಯ ತಳದಲ್ಲಿ ಆಹಾರ ಬಿದ್ದಿದೆ, ಅದರ ನಡುವೆಯೇ ಮರಿಗಳು ಹಸಿವಿನಿಂದ ಸತ್ತಿವೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಇಬ್ಬರು ಮಕ್ಕಳ ತಂದೆ, ಇದೇ ಸಂಗತಿಯನ್ನು ಬರೆದು ಕಾರಣವೇನೆಂದು ಕೇಳಿದ್ದಾನೆ. ಎರಡು ಬಾರಿ ಮರಿಗಳು ಸತ್ತ ಮೇಲೆ ಅವನ ಮಗಳು ತೊಟ್ಟಿಯ ಬಳಿಗೆ ಹೋಗುವುದನ್ನೇ ಬಿಟ್ಟಿದ್ದಾಳಂತೆ. ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ತುತ್ತು ಬಾಯಿಗಿಂತ ದೊಡ್ಡದಾಗಿತ್ತು. ಆದರೆ ಈ ಒಂದು ಮಾತನ್ನು ಮನುಷ್ಯ ಕಲಿತದ್ದಕ್ಕೆ ಮುನ್ನೂರೈವತ್ತು ವರ್ಷಗಳಷ್ಟು ದೀರ್ಘವಾದ ಚರಿತ್ರೆಯಿದೆ. ಚರಿತ್ರೆಯನ್ನು ಅರಿತರೆ ಉಪಾಯವೂ ತಾನಾಗಿ ತಿಳಿಯುತ್ತದೆ ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಮೀನಿನ ಪರಿಚಯ. ನಮ್ಮ ವಿದ್ಯಾರ್ಥಿ ಸಾಕಿರುವುದು ಸಿಕ್ಲಿಡ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ ಪುಟ್ಟ ಮೀನುಗಳನ್ನು. ಇವುಗಳಿಗೆ ಕುಬ್ಜ ಸಿಕ್ಲಿಡ್‌ಗಳೆಂದು ಹೆಸರು. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ಮುಂತಾದ ನದಿಗಳ ಸೀಮೆಯಲ್ಲಿ, ಎಲೆಗಳು ಉದುರಿ ಕೊಳೆತು ಬಿದ್ದ ಹಳ್ಳಗಳಲ್ಲಿ ಇವು ವಾಸಿಸುತ್ತವೆ. ಇವುಗಳಲ್ಲಿ ಬಹುಪಾಲು ಸೇರುವ ‘ಅಪಿಸ್ಟೊಗ್ರಾಮ’ ಎಂಬ ಕುಲಕ್ಕೆ ಆ ಹೆಸರನ್ನು ಕೊಟ್ಟವರು ಇಂಗ್ಲೆಂಡಿನ ಮತ್ಸ್ಯವಿಜ್ಞಾನಿ ಚಾರ್ಲ್ಸ್ ಟೇಟ್ ರೇಗನ್, 1913ರಲ್ಲಿ. ಅಂಗಡಿಗಳಲ್ಲಿ ‘ರ‍್ಯಾಮ್’ ಎಂದು ಕರೆಯುವ, ಮೈಮೇಲೆ ನೀಲಿ ಚುಕ್ಕೆಗಳು ಮಿನುಗುವ ಮೀನು ವೆನೆಜುವೆಲಾ ಮತ್ತು ಕೊಲಂಬಿಯಾ ದೇಶಗಳ ಹುಲ್ಲುಗಾವಲಿನ ಸೀಮೆಯದು. ಇದನ್ನು ಮೊದಲು ಸಂಗ್ರಹಿಸಿ ವ್ಯಾಪಾರಕ್ಕೆ ತಂದವರಲ್ಲಿ ಒಬ್ಬರಾದ ಮ್ಯಾನುಯಲ್ ರಾಮಿರೆಜ್ ಅವರ ಹೆಸರನ್ನೇ ಇಟ್ಟು, ಮೈಯರ್ಸ್ ಮತ್ತು ಹ್ಯಾರಿ ಎಂಬ ಅಮೆರಿಕದ ವಿದ್ವಾಂಸರು 1948ರಲ್ಲಿ ‘ರಾಮಿರೆಜಿ’ ಎಂದು ನಾಮಕರಣ ಮಾಡಿದರು. ‘ರ‍್ಯಾಮ್’ ಎಂಬುದು ಆ ಹೆಸರಿನ ಮೊಟಕು ರೂಪ, ಟಗರಿಗೂ ಅದಕ್ಕೂ ಸಂಬಂಧವಿಲ್ಲ.

ಬೆಳೆದ ರ‍್ಯಾಮ್ ಮೀನೇ ಐದಾರು ಸೆಂಟಿಮೀಟರ್ ಉದ್ದ. ಅದರ ಮರಿ ಎಷ್ಟಿದ್ದೀತು? ಬೆಚ್ಚನೆಯ ನೀರಿನಲ್ಲಿ ಮೊಟ್ಟೆಗಳು ಎರಡು ಮೂರು ದಿನಗಳಲ್ಲಿ ಒಡೆಯುತ್ತವೆ. ಹೊರಬಂದ ಜೀವಿಗೆ ಈಜಲು ಬಾರದು, ಉಣ್ಣಲೂ ಬಾರದು. ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅದರ ಬುತ್ತಿ. ನಾಲ್ಕೈದು ದಿನಗಳಲ್ಲಿ ಬುತ್ತಿ ಮುಗಿಯುವ ಹೊತ್ತಿಗೆ ಮರಿ ಮೇಲೆದ್ದು ಈಜುತ್ತದೆ. ಅಂದಿನಿಂದ ಅದು ತಾನೇ ಬೇಟೆಯಾಡಿ ಉಣ್ಣಬೇಕು. ಬಾಯಿಯೋ ಸೂಜಿಯ ಮೊನೆಯಷ್ಟು. ಮೇಲಾಗಿ, ಕಣ್ಣೆದುರು ಅಲುಗಾಡುವ ವಸ್ತುವನ್ನೇ ಅದು ಆಹಾರವೆಂದು ಗುರುತಿಸುತ್ತದೆ. ಅಲುಗಾಡದ ಒಣಪುಡಿ ಅದರ ಪಾಲಿಗೆ ಮರಳಿಗೆ ಸಮಾನ. ಹಲ್ಲು ಬಾರದ ಕೂಸಿನ ಮುಂದೆ ಮದುವೆಯೂಟದ ಎಲೆ ಹಾಸಿದಂತಾಯಿತು ನಮ್ಮ ಔದಾರ್ಯ. ಈ ಕೂಸಿಗೆ ಬೇಕಾದ ಗಂಜಿ ಯಾವುದು?

ಆ ಗಂಜಿಯನ್ನು ಮೊದಲು ಕಂಡವರಿಗೆ ಮೀನುಮರಿಗಳ ಯೋಚನೆಯೇ ಇರಲಿಲ್ಲ. 1665ರಲ್ಲಿ ರಾಬರ್ಟ್ ಹುಕ್ ತಮ್ಮ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಹಳೆಯ ವಿನೆಗರ್‌ನಲ್ಲಿ ಹರಿದಾಡುವ ಎಳೆಯಂಥ ಹುಳುಗಳನ್ನು ವರ್ಣಿಸಿದರು. ಹತ್ತು ವರ್ಷಗಳ ತರುವಾಯ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ಅವರಿಗೆ ಒಂದು ಪ್ರಶ್ನೆ ಹುಟ್ಟಿತು: ಕಾಳುಮೆಣಸು ಏಕೆ ಖಾರ? ಕಾಳುಗಳನ್ನು ನೀರಿನಲ್ಲಿ ನೆನೆಹಾಕಿ, ಕೆಲವು ವಾರಗಳ ನಂತರ ತಮ್ಮ ಕೈಯಾರೆ ಮಾಡಿದ ಮಸೂರದಡಿ ಆ ನೀರನ್ನು ನೋಡಿದರು. ಖಾರದ ಗುಟ್ಟು ಸಿಗಲಿಲ್ಲ. ಬದಲಿಗೆ ಆ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಓಡಾಡುತ್ತಿದ್ದವು. 1676ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಈ ಕುರಿತು ಬರೆದ ಪತ್ರ ಪ್ರಸಿದ್ಧವಾಗಿದೆ. ಹೀಗೆ ನೆನೆಹಾಕಿದ ನೀರಿನಲ್ಲಿ ಕಾಣಿಸಿಕೊಳ್ಳುವ ಜೀವಿಗಳಿಗೆ ಮುಂದೆ ‘ಇನ್ಫ್ಯುಸೋರಿಯಾ’ ಎಂಬ ಹೆಸರು ಬಂದಿತು. ಒಣಹುಲ್ಲು, ಬಾಳೆಹಣ್ಣಿನ ಸಿಪ್ಪೆ ಅಥವಾ ಸೊಪ್ಪನ್ನು ಕೊಳದ ನೀರಿನಲ್ಲಿ ಕೆಲವು ದಿನ ಇಟ್ಟರೆ ಅದೇ ಗಂಜಿ ಇಂದಿಗೂ ಸಿದ್ಧವಾಗುತ್ತದೆ.

ಇನ್ನು ತೊಟ್ಟಿಯ ಕಥೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಹೊನ್ನಮೀನುಗಳನ್ನೂ ಒಂದು ಬಗೆಯ ಜಲಸಸ್ಯವನ್ನೂ ಇಟ್ಟು ನಡೆಸಿದ ಪ್ರಯೋಗವನ್ನು ಕೆಮಿಕಲ್ ಸೊಸೈಟಿಗೆ ವರದಿ ಮಾಡಿದರು. ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ ಅವರು ಅದರಲ್ಲಿ ಬಸವನಹುಳುಗಳನ್ನು ಬಿಟ್ಟರು. ಹುಳುಗಳು ಕೊಳೆತದ್ದನ್ನು ತಿಂದು ನೀರನ್ನು ತಿಳಿಯಾಗಿಸಿದವು, ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. ಒಂದರ ಉಳಿಕೆ ಇನ್ನೊಂದರ ಊಟವಾಗುವ ಈ ವ್ಯವಸ್ಥೆಯೇ ಇಂದಿನ ಗೃಹ ಮತ್ಸ್ಯಾಗಾರದ ಅಡಿಗಲ್ಲು. 1869ರಲ್ಲಿ ಪ್ಯಾರಿಸ್ಸಿನ ಪಿಯೆರ್ ಕಾರ್ಬೊನಿಯೆ ಎಂಬವರು ಚೀನಾದಿಂದ ಬಂದ ಪ್ಯಾರಡೈಸ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸಿದರು. ಮೀನನ್ನು ಸಾಕುವುದು ಒಂದು ವಿದ್ಯೆ, ಅದರ ಮರಿಯನ್ನು ಸಾಕುವುದು ಬೇರೆಯೇ ಒಂದು ವಿದ್ಯೆ ಎಂಬುದು ಇಂಥ ಪ್ರಯತ್ನಗಳಿಂದ ಸಾಕುವವರಿಗೆ ಮನವರಿಕೆಯಾಯಿತು.

ಇನ್ಫ್ಯುಸೋರಿಯಾ ಗಂಜಿ ಮೊದಲ ಕೆಲವು ದಿನಗಳಿಗೆ ಸಾಕು. ಮರಿ ಬಲಿತಂತೆ ಅದಕ್ಕಿಂತ ದಪ್ಪನೆಯ, ಆದರೆ ಇನ್ನೂ ಜೀವಂತವಾದ ತುತ್ತು ಬೇಕು. ಅದು ದೊರಕಿದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ, ಉಪ್ಪಿನ ಮಡಿಗಳಲ್ಲಿ. ಇಂಗ್ಲೆಂಡಿನ ಲಿಮಿಂಗ್ಟನ್ ಎಂಬ ಊರಿನ ಉಪ್ಪಿನ ಮಡಿಗಳಲ್ಲಿ ಬದುಕುವ ಒಂದು ಸಣ್ಣ ಸೀಗಡಿಯನ್ನು ಶ್ಲೋಸರ್ ಎಂಬ ವಿದ್ವಾಂಸರು 1755ರಲ್ಲಿ ವರ್ಣಿಸಿದ್ದರು. 1758ರಲ್ಲಿ ಲಿನ್ನೇಯಸ್ ಅದನ್ನು ತಮ್ಮ ಪಟ್ಟಿಗೆ ಸೇರಿಸಿದರು. 1819ರಲ್ಲಿ ಅದಕ್ಕೆ ‘ಆರ್ಟೀಮಿಯಾ’ ಎಂಬ ಹೆಸರು ಬಂದಿತು. ಬೇರೆ ಪ್ರಾಣಿಗಳು ಸಹಿಸಲಾರದಷ್ಟು ಉಪ್ಪಿರುವ ನೀರಿನಲ್ಲಿ ಅದು ಸುಖವಾಗಿರುತ್ತದೆ. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ವಿದ್ವಾಂಸರ ಕುತೂಹಲದ ವಸ್ತುವಾಗಿಯೇ ಉಳಿಯಿತು.

1933ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸ್ಟೈನ್‌ಹಾರ್ಟ್ ಮತ್ಸ್ಯಾಗಾರದ ಆಲ್ವಿನ್ ಸೀಲ್ ಎಂಬವರು, ಈ ಸೀಗಡಿ ಮೀನುಗಳಿಗೆ ಯೋಗ್ಯವಾದ ಜೀವಂತ ಆಹಾರವೆಂದು ಒಂದು ಲೇಖನದಲ್ಲಿ ಪ್ರಕಟಿಸಿದರು. ಆ ನಗರದ ಕೊಲ್ಲಿಯ ದಡದಲ್ಲೇ ಉಪ್ಪಿನ ಮಡಿಗಳಿದ್ದವು. 1939ರಲ್ಲಿ ನಾರ್ವೆಯ ರೋಲೆಫ್ಸನ್, ಸಮುದ್ರಮೀನಿನ ಮರಿಗಳನ್ನು ಇದೇ ಆಹಾರದಿಂದ ಸಾಕಬಹುದೆಂದು ತೋರಿಸಿದರು. ಕಾಲದ ಹೊಂದಾಣಿಕೆಯನ್ನು ಗಮನಿಸಿ: ರ‍್ಯಾಮ್ ಮೀನಿಗೆ ಹೆಸರು ಬರುವ ಹದಿನೈದು ವರ್ಷಗಳ ಮೊದಲೇ ಅದರ ಮರಿಗೆ ಬೇಕಾದ ಆಹಾರದ ಸುದ್ದಿ ಪ್ರಕಟವಾಗಿತ್ತು.

ಆರ್ಟೀಮಿಯಾದ ಹೆಚ್ಚುಗಾರಿಕೆ ಅದರ ಮೊಟ್ಟೆಯಲ್ಲಿದೆ. ಪರಿಸ್ಥಿತಿ ಕಠಿಣವಾದಾಗ ಅದು ಗಟ್ಟಿ ಕವಚದ ಮೊಟ್ಟೆಗಳನ್ನು ಇಡುತ್ತದೆ. ಮಿಲಿಮೀಟರಿನ ಕಾಲುಭಾಗದಷ್ಟೂ ಇರದ ಈ ಕಂದು ಕಣದೊಳಗೆ ಭ್ರೂಣವು ಬೆಳವಣಿಗೆಯನ್ನು ನಿಲ್ಲಿಸಿ ಮಲಗಿಬಿಡುತ್ತದೆ. ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ವರ್ಷಗಳ ಕಾಲ ಕೆಡದು. ಕಣಜದಲ್ಲಿಟ್ಟ ಬಿತ್ತನೆ ರಾಗಿಯಂತೆ ಎನ್ನಬಹುದು. ಬೆಚ್ಚನೆಯ ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಕವಚ ಒಡೆದು ಅರ್ಧ ಮಿಲಿಮೀಟರಿನೊಳಗಿನ ಕಿತ್ತಳೆ ಬಣ್ಣದ ಮರಿ ಹೊರಬಂದು ಚಡಪಡಿಸುತ್ತ ಈಜುತ್ತದೆ. ಅಪಿಸ್ಟೊಗ್ರಾಮ ಮರಿಗಳಲ್ಲಿ ಹೆಚ್ಚಿನವು ಈಜತೊಡಗಿದ ದಿನವೇ ಇದನ್ನು ನುಂಗಬಲ್ಲವು. ರ‍್ಯಾಮ್ ಮರಿಗಳು ಇನ್ನೂ ಚಿಕ್ಕವು, ಅವುಗಳಲ್ಲಿ ಅನೇಕಕ್ಕೆ ಮೊದಲ ಎರಡು ಮೂರು ದಿನ ಇನ್ಫ್ಯುಸೋರಿಯಾ ಅಥವಾ ಹುಕ್ ಕಂಡ ಆ ವಿನೆಗರ್ ಹುಳುಗಳೇ ಬೇಕಾಗುತ್ತವೆ.

ಇಷ್ಟು ಅನುಕೂಲವಾದ ವಸ್ತುವಿಗೆ ಬೇಡಿಕೆ ಬಾರದೆ ಇದ್ದೀತೆ? ಅಮೆರಿಕದ ಯೂಟಾ ರಾಜ್ಯದ ಮಹಾ ಉಪ್ಪು ಸರೋವರದಲ್ಲಿ 1950ರ ದಶಕದಿಂದ ಈ ಮೊಟ್ಟೆಗಳ ಸಂಗ್ರಹ ವ್ಯಾಪಾರವಾಯಿತು. ಮೀನು ಮತ್ತು ಸೀಗಡಿ ಕೃಷಿ ಬೆಳೆದಂತೆ 1970ರ ದಶಕದ ನಡುವಿನಲ್ಲಿ ಮೊಟ್ಟೆಗಳ ಅಭಾವ ತಲೆದೋರಿತು. 1976ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಈ ಪ್ರಶ್ನೆ ಚರ್ಚೆಗೆ ಬಂದಿತು. ಹೊಸ ಹೊಸ ಉಪ್ಪಿನ ಮಡಿಗಳಲ್ಲಿ ಆರ್ಟೀಮಿಯಾ ಬಿತ್ತಿದರೆ ಅಭಾವ ನೀಗುವುದೆಂದು ಬೆಲ್ಜಿಯಂ ದೇಶದ ಪ್ಯಾಟ್ರಿಕ್ ಸೋರ್ಗೆಲೂಸ್ ವಾದಿಸಿದರು. 1978ರಲ್ಲಿ ಅಲ್ಲಿನ ಗೆಂಟ್ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ಆರಂಭವಾಯಿತು. ಬ್ರೆಜಿಲ್, ವಿಯೆಟ್ನಾಂ ದೇಶಗಳ ಉಪ್ಪಿನ ಮಡಿಗಳಲ್ಲಿ ಬಿತ್ತನೆ ನಡೆಯಿತು. ನಮ್ಮ ದೇಶದಲ್ಲಿಯೂ ರಾಜಸ್ಥಾನದ ಸಾಂಭರ್ ಸರೋವರ, ತಮಿಳುನಾಡಿನ ತೂತುಕುಡಿಯ ಉಪ್ಪಿನ ಮಡಿಗಳಲ್ಲಿ ಆರ್ಟೀಮಿಯಾ ಇರುವುದು ದಾಖಲಾಗಿದೆ.

ಆದರೂ ಯೂಟಾದ ಸರೋವರದ ಮೇಲಿನ ಅವಲಂಬನೆ ತಪ್ಪಿಲ್ಲ. ಅದಕ್ಕೆ ಹರಿದು ಬರುವ ನದಿಗಳ ನೀರನ್ನು ಬೇಸಾಯಕ್ಕೂ ಊರುಗಳಿಗೂ ತಿರುಗಿಸಿದ್ದರಿಂದ, ಬರಗಾಲವೂ ಜೊತೆಗೂಡಿ, 2022ರಲ್ಲಿ ಸರೋವರದ ಮಟ್ಟ ಹಿಂದೆಂದೂ ದಾಖಲಾಗದಷ್ಟು ಕೆಳಕ್ಕೆ ಇಳಿಯಿತು. ನೀರು ಕಡಿಮೆಯಾದಂತೆ ಉಪ್ಪಿನಂಶ ಏರಿ, ಉಪ್ಪಿನಲ್ಲೇ ಹುಟ್ಟಿ ಬೆಳೆದ ಆ ಸೀಗಡಿಗೂ ತಾಳಲಾಗದ ಸ್ಥಿತಿ ಸಮೀಪಿಸಿತ್ತು. ಮರುವರ್ಷ ಬಿದ್ದ ಹೇರಳ ಹಿಮದಿಂದ ಅಪಾಯ ತಾತ್ಕಾಲಿಕವಾಗಿ ತಪ್ಪಿತು. ಅಂಗಡಿಯಿಂದ ತರುವ ಪುಟ್ಟ ಡಬ್ಬಿಯ ಹಿಂದೆ ಎಲ್ಲೋ ಒಂದು ಕೆರೆಯ ಆರೋಗ್ಯವಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು.

ಡಬ್ಬಿ ಹುಟ್ಟುವ ಎಷ್ಟೋ ಮೊದಲು ಮರಿಗಳಿಗೆ ಉಣಿಸುತ್ತಿದ್ದವರು ಯಾರು? ಕೆಲವು ಸಿಕ್ಲಿಡ್‌ಗಳಲ್ಲಿ ತಾಯಿತಂದೆಗಳೇ. ಡಿಸ್ಕಸ್ ಎಂಬ ಮೀನಿನ ಮರಿಗಳು ಹೆತ್ತವರ ಮೈಯಿಂದ ಒಸರುವ ಲೋಳೆಯನ್ನು ಮೇಯ್ದು ಬೆಳೆಯುತ್ತವೆಂದು ಅಮೆರಿಕದ ಹಿಲ್ಡೆಮನ್ 1959ರಲ್ಲಿ ವಿವರಿಸಿದರು. ಹಾಗೆಯೇ ಮರಿಗಳು ತಾಯಿತಂದೆಯ ಮೈಗೆ ತಾಗಿ ತಾಗಿ ಹೋಗುವ ಇನ್ನೊಂದು ಮೀನನ್ನು ವಾರ್ಡ್ ಮತ್ತು ಬಾರ್ಲೋ 1967ರಲ್ಲಿ ಅಧ್ಯಯನ ಮಾಡಿದರು. ಆ ಮೀನು ಅಮೆಜಾನಿನದಲ್ಲ. ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ಹಿನ್ನೀರುಗಳಲ್ಲಿ, ಹೊಳೆಗಳಲ್ಲಿ ವಾಸಿಸುವ, ಎಂಟು ಸೆಂಟಿಮೀಟರಿನಷ್ಟೇ ಬೆಳೆಯುವ ಆರೆಂಜ್ ಕ್ರೋಮೈಡ್. ಸಿಕ್ಲಿಡ್ ಕುಟುಂಬದ ಮೂರು ಜಾತಿಗಳು ಭಾರತದ ಮೂಲನಿವಾಸಿಗಳು. ಅವುಗಳಲ್ಲಿ ಒಂದಕ್ಕೆ ನಮ್ಮ ನಾಡಿನ ಹೆಸರೇ ಇದೆ: ಮದರಾಸು ಸೇನೆಯಲ್ಲಿ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ 1877ರಲ್ಲಿ ವರ್ಣಿಸಿದ ‘ಎಟ್ರೊಪ್ಲಸ್ ಕ್ಯಾನರೆನ್ಸಿಸ್’. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಮುಂತಾದ ಹೊಳೆಗಳ ಕಿರಿದಾದ ವಲಯವೇ ಅದರ ಮನೆ. ವೆನೆಜುವೆಲಾದ ಮೀನಿನ ಹೆಸರು ಗೊತ್ತಿರುವ ನಮ್ಮ ಮಕ್ಕಳಿಗೆ ಈ ಹೆಸರೂ ಗೊತ್ತಿರಲಿ.

ಈಗ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನೇರವಾದ ಉತ್ತರ. ಮೊಟ್ಟೆ ಕಂಡ ದಿನವೇ ಗಂಜಿಗೆ ಸಿದ್ಧತೆ ಮಾಡು, ಮರಿ ಈಜಿದ ಮೇಲೆ ಅಲ್ಲ. ಒಂದು ಲೀಟರ್ ನೀರಿಗೆ ಇಪ್ಪತ್ತೈದು ಮೂವತ್ತು ಗ್ರಾಂ ಕಲ್ಲುಪ್ಪು ಕರಗಿಸಿ, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ಗಾಳಿ ಪಂಪಿನಿಂದ ಗುಳ್ಳೆ ಏಳಿಸುತ್ತಿರಬೇಕು. ಇಪ್ಪತ್ತೆಂಟು ಡಿಗ್ರಿಯ ಆಸುಪಾಸಿನ ಶಾಖವಿದ್ದರೆ ಇಪ್ಪತ್ತನಾಲ್ಕರಿಂದ ಮೂವತ್ತಾರು ಗಂಟೆಗಳಲ್ಲಿ ಮರಿಗಳು ಹೊರಬರುತ್ತವೆ. ಗಾಳಿ ನಿಲ್ಲಿಸಿ ಪಾತ್ರೆಯ ತಳಭಾಗಕ್ಕೆ ಟಾರ್ಚ್ ಬೆಳಕು ಹಿಡಿದರೆ ಜೀವಂತ ಮರಿಗಳು ಬೆಳಕಿನತ್ತ ಸೇರುತ್ತವೆ, ಖಾಲಿ ಕವಚಗಳು ಮೇಲೆ ತೇಲುತ್ತವೆ. ಮರಿಗಳನ್ನು ಸಣ್ಣ ಕೊಳವೆಯಿಂದ ಎಳೆದು, ತೆಳುಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡು. ಅವುಗಳ ಒಡಲಿನ ಸತ್ವ ಗಂಟೆಗಂಟೆಗೂ ಇಳಿಯುವುದರಿಂದ ಅಂದಿನದನ್ನು ಅಂದೇ ಉಣಿಸಬೇಕು. ದಿನಕ್ಕೆ ಮೂರು ನಾಲ್ಕು ಬಾರಿ, ಸ್ವಲ್ಪ ಸ್ವಲ್ಪವೇ.

ಹೆಚ್ಚು ಹಾಕಿದರೆ ಉಳಿದದ್ದು ಕೊಳೆತು ನೀರು ವಿಷವಾಗುತ್ತದೆ. ಮರಿಗಳನ್ನು ಎಳೆದುಕೊಳ್ಳದ ಸ್ಪಂಜಿನ ಫಿಲ್ಟರನ್ನೇ ಬಳಸು. ದಿನವೂ ಹತ್ತನೆಯ ಒಂದು ಭಾಗ ನೀರನ್ನು ತಳದ ಕಸದೊಡನೆ ಎಳೆದು, ಅಷ್ಟೇ ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರನ್ನು ಮೆಲ್ಲಗೆ ತುಂಬು. ವಾರಿಂಗ್ಟನ್ನರಂತೆ ಒಂದೆರಡು ಬಸವನಹುಳುಗಳನ್ನೂ ಬಿಡಬಹುದು, ಆದರೆ ಮರಿಗಳು ಈಜತೊಡಗಿದ ಬಳಿಕ ಮಾತ್ರ.

ಉಣಿಸಿದ ಹತ್ತು ನಿಮಿಷಕ್ಕೆ ಮಗಳ ಕೈಗೆ ಒಂದು ಭೂತಗನ್ನಡಿ ಕೊಟ್ಟು ಮರಿಗಳ ಹೊಟ್ಟೆಯನ್ನು ನೋಡಲು ಹೇಳು. ಮೈ ಪಾರದರ್ಶಕವಾದ್ದರಿಂದ, ಉಂಡ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ದುಂಡಗೆ ಕಾಣುತ್ತದೆ. ಎಷ್ಟು ಹೊಟ್ಟೆಗಳು ಕಿತ್ತಳೆಯಾಗಿವೆ, ಎಷ್ಟು ಬರಿದಾಗಿವೆ ಎಂದು ಅವಳೇ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಬರಿದಾದ ಹೊಟ್ಟೆಗಳೇ ಹೆಚ್ಚಿದ್ದರೆ ಮರಿಯನ್ನು ದೂರಬೇಡಿ, ತುತ್ತನ್ನು ಇನ್ನಷ್ಟು ಸಣ್ಣದು ಮಾಡಿ. ಆ ಲೆಕ್ಕದ ಪುಸ್ತಕ ತುಂಬಿದಾಗ ನನಗೂ ಒಮ್ಮೆ ತೋರಿಸಿ.